ಹಳೆಯ ಬೈಕಿನ ರಿಪೇರಿಗೆ ಕೈಯಾರೆ ಮಾಡಿದ ಉಪಕರಣ: ಯಾವುದನ್ನು ಮಾಡಿಕೊಳ್ಳಬೇಕು, ಯಾವುದನ್ನು ಕೊಳ್ಳಬೇಕು

ಗ್ಯಾರೇಜಿನಲ್ಲಿ ಎರಡು ಬಗೆಯ ಉಪಕರಣಗಳಿರುತ್ತವೆ. ಒಂದು ಸಾಮಾನ್ಯ ಉಪಕರಣ: ಪಾನಾ, ಪಕ್ಕಡ, ಸ್ಕ್ರೂ ಡ್ರೈವರ್, ಸುತ್ತಿಗೆ. ಇವು ಎಲ್ಲ ಗಾಡಿಗೂ ನಡೆಯುತ್ತವೆ, ಎಲ್ಲ ಊರಿನ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತವೆ. ಇನ್ನೊಂದು ವಿಶೇಷ ಉಪಕರಣ. ಇದು ಒಂದೇ ಕಂಪನಿಯ ಒಂದೇ ಮಾದರಿಯ ಒಂದೇ ಭಾಗವನ್ನು ಬಿಚ್ಚಲು ಆ ಕಂಪನಿಯೇ ಮಾಡಿಸಿದ್ದು. ಗಾಡಿ ಹೊಸದಿದ್ದಾಗ ಇದು ಕಂಪನಿಯ ಸರ್ವಿಸ್ ಕೇಂದ್ರದಲ್ಲಿ ಇರುತ್ತದೆ. ಗಾಡಿಗೆ ಮೂವತ್ತು ವರ್ಷವಾದಾಗ ಸರ್ವಿಸ್ ಕೇಂದ್ರವೂ ಇರುವುದಿಲ್ಲ, ಉಪಕರಣವೂ ಇರುವುದಿಲ್ಲ. ಗಾಡಿ ಮಾತ್ರ ಓಡುತ್ತಿರುತ್ತದೆ.

ಬಾಗಲಕೋಟೆ, ಹುನಗುಂದ, ಇಳಕಲ್, ಬಾದಾಮಿ ಕಡೆಯ ಸಂತೆಗಳಲ್ಲಿ ಒಮ್ಮೆ ನಿಂತು ನೋಡಿದರೆ ಇದು ತಿಳಿಯುತ್ತದೆ. ಹಾಲಿನ ಕ್ಯಾನು, ತರಕಾರಿ ಮೂಟೆ, ಸೀರೆಯ ಗಂಟು ಹೊತ್ತ ಹಳೆಯ ಗಾಡಿಗಳು ಅಲ್ಲಿವೆ. ಅವುಗಳ ಕ್ಲಚ್ ಕೆಟ್ಟ ದಿನ ಮಾಲೀಕನ ದುಡಿಮೆಯೂ ನಿಲ್ಲುತ್ತದೆ. ವಿಶೇಷ ಉಪಕರಣ ಇಲ್ಲದ ಮೆಕ್ಯಾನಿಕ್ ಏನು ಮಾಡಬೇಕು? ಸುತ್ತಿಗೆ ಮತ್ತು ಉಳಿ ಹಿಡಿಯಬಹುದು, ಇಲ್ಲವೇ ಉಪಕರಣವನ್ನು ತಾನೇ ಮಾಡಿಕೊಳ್ಳಬಹುದು. ಈ ಲೇಖನ ಎರಡನೆಯ ದಾರಿಯ ಬಗ್ಗೆ.

ಮೈಸೂರಿನ ಒಂದು ಉದಾಹರಣೆ

ಈ ಸಮಸ್ಯೆಗೆ ನಮ್ಮ ರಾಜ್ಯದಲ್ಲೇ ಒಂದು ಒಳ್ಳೆಯ ಉದಾಹರಣೆ ಇದೆ. ಮೈಸೂರಿನ ಯಾದವಗಿರಿಯಲ್ಲಿದ್ದ ಐಡಿಯಲ್ ಜಾವಾ ಕಾರ್ಖಾನೆ ಚೆಕೊಸ್ಲೊವಾಕಿಯಾದ ಜಾವಾ ಕಂಪನಿಯ ಪರವಾನಗಿ ಪಡೆದು 1961ರಿಂದ ಮೋಟಾರ್ ಸೈಕಲ್ ತಯಾರಿಸಿತು. 1973ರಿಂದ ಗಾಡಿಗಳಿಗೆ ಯೆಜ್ಡಿ ಎಂಬ ಹೆಸರು ಬಂತು. 1978ರಲ್ಲಿ ಯೆಜ್ಡಿ ರೋಡ್‌ಕಿಂಗ್ ಬಂತು. 1996ರಲ್ಲಿ ಕಾರ್ಖಾನೆ ಮುಚ್ಚಿತು. ಆ ಹೆಸರುಗಳು ಮತ್ತೆ ಬಂದಿರುವುದು ನಿಜ: ಜಾವಾ 2018ರಲ್ಲಿ, ಯೆಜ್ಡಿ 2022ರಲ್ಲಿ. ಆದರೆ ಹೊಸ ಗಾಡಿಗಳ ಎಂಜಿನ್ ನಾಲ್ಕು ಸ್ಟ್ರೋಕಿನದು, ನೀರಿನಿಂದ ತಣಿಯುವಂಥದು. ಹಳೆಯದು ಎರಡು ಸ್ಟ್ರೋಕಿನದು, ಗಾಳಿಯಿಂದ ತಣಿಯುವಂಥದು. ಹೊಸದರ ಉಪಕರಣ ಹಳೆಯದಕ್ಕೆ ಬರುವುದಿಲ್ಲ.

ಹೀರೋ ಹೋಂಡಾ ಗಾಡಿಗಳ ಕಥೆ ಸ್ವಲ್ಪ ಬೇರೆ. ಸಿಡಿ 100 ಬಂದದ್ದು 1985ರಲ್ಲಿ, ಸ್ಪ್ಲೆಂಡರ್ 1994ರಲ್ಲಿ. ಎರಡು ಕಂಪನಿಗಳು ಬೇರೆಯಾದರೂ ಸ್ಪ್ಲೆಂಡರ್ ಇಂದಿಗೂ ತಯಾರಾಗುತ್ತಿದೆ. ಅದರ ಬಿಡಿಭಾಗ ಮತ್ತು ಉಪಕರಣ ಪೇಟೆಯಲ್ಲಿ ಸುಲಭವಾಗಿ ಸಿಗುತ್ತವೆ. ಆದ್ದರಿಂದ ಉಪಕರಣ ಮಾಡಿಕೊಳ್ಳುವ ಮೊದಲು ಕೇಳಬೇಕಾದ ಪ್ರಶ್ನೆ ಒಂದೇ: ಇದು ಪೇಟೆಯಲ್ಲಿ ಕಡಿಮೆ ಬೆಲೆಗೆ ಸಿಗುತ್ತದೆಯೇ? ಸಿಕ್ಕರೆ ಕೊಳ್ಳುವುದೇ ಲೇಸು. ಸಿಗದಿದ್ದರೆ ಮುಂದೆ ಓದಿ.

ನಮ್ಮ ಜಿಲ್ಲೆಗೆ ಇದು ಹೊಸದಲ್ಲ

ಕೆಲಸಕ್ಕೆ ತಕ್ಕ ಸಾಧನವನ್ನು ತಾವೇ ಸಿದ್ಧಮಾಡಿಕೊಳ್ಳುವುದು ನಮ್ಮ ಜಿಲ್ಲೆಯ ಕಸುಬುದಾರರಿಗೆ ಹಳೆಯ ರೂಢಿ. ಇಳಕಲ್ ಸೀರೆಯಲ್ಲಿ ಒಡಲಿನ ಹಾಸು ಮತ್ತು ಸೆರಗಿನ ಹಾಸು ಬೇರೆ ಬೇರೆ ಇರುತ್ತವೆ. ಎರಡನ್ನೂ ಕುಣಿಕೆ ಹಾಕಿ ಜೋಡಿಸುತ್ತಾರೆ. ಇದಕ್ಕೆ ತೋಪು ತೆಣಿ ಎನ್ನುತ್ತಾರೆ. ಬೇರೆ ಊರಿನ ಸೀರೆಯ ಪದ್ಧತಿ ಇಲ್ಲಿ ನಡೆಯುವುದಿಲ್ಲ. ಕೆಲಸ ವಿಶೇಷವಾಗಿರುವುದರಿಂದ ವಿಧಾನವೂ ವಿಶೇಷವೇ. ಕಲ್ಲಿನ ಕೆಲಸವೂ ಹಾಗೆಯೇ. ಬಾದಾಮಿಯ ಮರಳುಗಲ್ಲು ಮೆದು, ಇಳಕಲ್ಲಿನ ಕೆಂಪು ಗ್ರಾನೈಟ್ ಬಹಳ ಗಟ್ಟಿ. ಒಂದೇ ಉಳಿಯನ್ನು ಒಂದೇ ರೀತಿ ಹದಮಾಡಿ ಎರಡಕ್ಕೂ ಹಿಡಿಯಲಾಗದು. ಉಳಿ ಮೊಂಡಾದಾಗ ಅದನ್ನು ಕುಲುಮೆಯಲ್ಲಿ ಕಾಯಿಸಿ, ಬಡಿದು, ಮತ್ತೆ ಹದಕ್ಕೆ ತರುವುದನ್ನು ಕಲ್ಲುಕುಟಿಗರು ಕಲಿತಿರುತ್ತಾರೆ.

ಗ್ಯಾರೇಜಿನ ಮಾತಿನಲ್ಲೂ ಈ ಕಸುಬಿನ ಗುರುತು ಇದೆ. ಮನೆಯಲ್ಲಿ ಉರ್ದು ಆಡುವ ನಮಗೆ ಅದು ಬೇಗ ಕಿವಿಗೆ ಬೀಳುತ್ತದೆ. ಹಿರಿಯ ಮೆಕ್ಯಾನಿಕ್ ಅಂದರೆ ಉಸ್ತಾದ್. ಸ್ಪ್ಯಾನರಿಗೆ ಪಾನಾ, ಸ್ಕ್ರೂ ಡ್ರೈವರಿಗೆ ಪೇಚ್‌ಕಸ್. ಬೋಲ್ಟಿನ ಮೇಲಿನ ಥ್ರೆಡ್‌ಗೆ ಚೂಡಿ ಎನ್ನುತ್ತಾರೆ. ಚೂಡಿ ಎಂದರೆ ಬಳೆ. ಬೋಲ್ಟಿಗೆ ಸಾಲಾಗಿ ಬಳೆ ತೊಡಿಸಿದಂತೆ ಕಾಣುವುದರಿಂದ ಆ ಹೆಸರು. ಈ ಲೇಖನದಲ್ಲೂ ಚೂಡಿ ಎಂದೇ ಬರೆದಿದ್ದೇನೆ.

ಮೂರು ಕೆಲಸ, ಒಂದು ನಿಯಮ

ವಿಶೇಷ ಉಪಕರಣ ಎಷ್ಟೇ ಇದ್ದರೂ ಅವು ಮಾಡುವ ಕೆಲಸ ಮೂರೇ.

1. ಹಿಡಿಯುವುದು: ತಿರುಗುವ ಭಾಗ ತಿರುಗದಂತೆ ನಿಲ್ಲಿಸುವುದು.
2. ಎಳೆಯುವುದು: ಬಿಗಿಯಾಗಿ ಕೂತ ಭಾಗವನ್ನು ನೇರವಾಗಿ ಹೊರತೆಗೆಯುವುದು.
3. ಅಳೆಯುವುದು: ಸಂದು, ಆಳ, ಸಮಯ ನೋಡುವುದು.

ಹಿಡಿಯುವ ಮತ್ತು ಎಳೆಯುವ ಉಪಕರಣಕ್ಕೆ ಬೇಕಾದದ್ದು ಗಟ್ಟಿತನ ಮತ್ತು ಸರಿಯಾದ ಆಕಾರ. ಒಂದು ಮಿಲಿಮೀಟರ್ ಹೆಚ್ಚುಕಡಿಮೆಯಾದರೂ ಅರದಿಂದ ಉಜ್ಜಿ ಸರಿಮಾಡಬಹುದು. ಅಳೆಯುವ ಉಪಕರಣ ಹಾಗಲ್ಲ. ಅಲ್ಲಿ ಮಿಲಿಮೀಟರಿನ ಹತ್ತನೆಯ ಒಂದು ಪಾಲು ತಪ್ಪಿದರೂ ಎಂಜಿನ್ ಸರಿಯಾಗಿ ನಡೆಯದು. ಅದಕ್ಕೇ ನಿಯಮ ಇಷ್ಟು: ಹಿಡಿಯುವುದನ್ನು ಮತ್ತು ಎಳೆಯುವುದನ್ನು ಮಾಡಿಕೊಳ್ಳಿ, ಅಳೆಯುವುದನ್ನು ಕೊಳ್ಳಿ.

ಹಜರತ್ ದಾವೂದ್ ಅಲೈಹಿಸ್ಸಲಾಂ ಅವರಿಗೆ ಅಲ್ಲಾಹನು ಕಬ್ಬಿಣವನ್ನು ಮೆದುವಾಗಿಸಿಕೊಟ್ಟ ವಿಷಯ ಕುರಾನಿನಲ್ಲಿದೆ. ಅಲ್ಲಿ ಕವಚ ಮಾಡಲು ಹೇಳಿದ ಜೊತೆಗೇ ಅದರ ಕೊಂಡಿಗಳ ಅಳತೆ ಸರಿಯಾಗಿರಲಿ ಎಂದೂ ಹೇಳಿದೆ. ಕಬ್ಬಿಣ ಬಗ್ಗಿದರೆ ಸಾಲದು, ಅಳತೆಯೂ ಕೂಡಿಬರಬೇಕು.

ಮೊದಲ ಉಪಕರಣ: ಕ್ಲಚ್ ಹಿಡಿಕೆ

ಕ್ಲಚ್‌ನಲ್ಲಿ ಎರಡು ಬಗೆಯ ಪ್ಲೇಟ್ ಇರುತ್ತವೆ. ಘರ್ಷಣೆಯ ಪ್ಲೇಟಿಗೆ ಹೊರಗಡೆ ಹಲ್ಲು ಇರುತ್ತವೆ, ಅವು ಹೊರಗಿನ ಬುಟ್ಟಿಯಲ್ಲಿ ಕೂರುತ್ತವೆ. ಉಕ್ಕಿನ ಪ್ಲೇಟಿಗೆ ಒಳಗಡೆ ಹಲ್ಲು ಇರುತ್ತವೆ, ಅವು ನಡುವಿನ ಹಬ್‌ನಲ್ಲಿ ಕೂರುತ್ತವೆ. ನಡುವಿನ ನಟ್ ಬಿಚ್ಚಲು ಹೋದರೆ ಹಬ್ ಪಾನಾದ ಜೊತೆಗೇ ತಿರುಗುತ್ತದೆ. ಆಗ ಕೆಲವರು ಹಬ್‌ನ ಸಂದಿಯಲ್ಲಿ ಪೇಚ್‌ಕಸ್ ತುರುಕುತ್ತಾರೆ. ಹಬ್ ಬಹುತೇಕ ಅಲ್ಯೂಮಿನಿಯಂ ಅಥವಾ ಎರಕದ್ದು. ಅದರ ಹಲ್ಲು ಮುರಿದರೆ ಮತ್ತೆ ಜೋಡಿಸಲಾಗದು.

ಮಾಡುವ ವಿಧಾನ:

ಅದೇ ಮಾದರಿಯ ಗಾಡಿಯ ಸವೆದ ಉಕ್ಕಿನ ಪ್ಲೇಟ್ ಒಂದನ್ನು ಗ್ಯಾರೇಜಿನಲ್ಲಿ ಕೇಳಿ ಪಡೆಯಿರಿ. ಇದು ಎಸೆಯುವ ವಸ್ತು. ಸುಮಾರು 40 ಸೆಂಟಿಮೀಟರ್ ಉದ್ದ, 25 ಮಿಲಿಮೀಟರ್ ಅಗಲ, 5 ಅಥವಾ 6 ಮಿಲಿಮೀಟರ್ ದಪ್ಪದ ಕಬ್ಬಿಣದ ಪಟ್ಟಿಯೊಂದನ್ನು ಗುಜರಿ ಅಂಗಡಿಯಿಂದ ತನ್ನಿ. ಪ್ಲೇಟನ್ನು ಪಟ್ಟಿಯ ತುದಿಗೆ ವೆಲ್ಡ್ ಮಾಡಿಸಿ. ಪಾನಾ ಒಳಗೆ ಹೋಗಲು ಪ್ಲೇಟಿನ ನಡುವಿನ ಜಾಗ ಖಾಲಿ ಇರಬೇಕು, ಆದ್ದರಿಂದ ಪಟ್ಟಿ ಪ್ಲೇಟಿನ ಅಂಚಿಗೆ ಮಾತ್ರ ತಾಗಿರಲಿ. ವೆಲ್ಡಿಂಗ್ ಎರಡು ಕಡೆಯಾದರೂ ಇರಲಿ. ತಣಿದ ಮೇಲೆ ಹಲ್ಲುಗಳಿಗೆ ಹತ್ತಿದ ವೆಲ್ಡಿಂಗ್ ಕಣಗಳನ್ನು ಅರದಿಂದ ತೆಗೆಯಿರಿ.

ಬಳಸುವಾಗ ಪ್ಲೇಟನ್ನು ಹಬ್‌ಗೆ ಕೂರಿಸಿ, ಹಿಡಿಕೆಯನ್ನು ಫುಟ್‌ರೆಸ್ಟಿಗೋ ನೆಲಕ್ಕೋ ಆನಿಸಿ. ಒತ್ತಡ ಒಂದು ಹಲ್ಲಿನ ಮೇಲೆ ಬೀಳದೆ ಎಲ್ಲ ಹಲ್ಲುಗಳಿಗೂ ಹಂಚಿಹೋಗುತ್ತದೆ. ಪೇಚ್‌ಕಸ್‌ಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಎರಡನೆಯ ಉಪಕರಣ: ಕಚ್ಚುಳ್ಳ ನಟ್‌ನ ಪಾನಾ

ಹಳೆಯ ಹೀರೋ ಹೋಂಡಾಗಳ ಕ್ಲಚ್ ಕವಚದ ಒಳಗೆ ಎಣ್ಣೆ ಶೋಧಿಸುವ ರೋಟರ್ ಇರುತ್ತದೆ. ಅದನ್ನು ಹಿಡಿದ ನಟ್‌ಗೆ ಆರು ಮೂಲೆಗಳಿಲ್ಲ. ದುಂಡನೆಯ ನಟ್, ಅಂಚಿನಲ್ಲಿ ಕಚ್ಚುಗಳು. ಸಾದಾ ಪಾನಾ ಹಿಡಿಯುವುದಿಲ್ಲ. ಉಳಿ ಇಟ್ಟು ಹೊಡೆದು ತಿರುಗಿಸಿದ ನಟ್‌ಗಳನ್ನು ಯಾವ ಗ್ಯಾರೇಜಿನಲ್ಲಾದರೂ ನೋಡಬಹುದು, ಅವುಗಳ ಕಚ್ಚು ಹರಿದು ಬಾಯಿ ಬಿಟ್ಟಿರುತ್ತದೆ.

ಮಾಡುವ ವಿಧಾನ:

ನಟ್‌ನ ಹೊರ ಅಳತೆಗೆ ಹೊಂದುವ ಹಳೆಯ ಸಾಕೆಟ್ ಅಥವಾ ದಪ್ಪ ಗೋಡೆಯ ಉಕ್ಕಿನ ಕೊಳವೆ ತೆಗೆದುಕೊಳ್ಳಿ. ಕಾಗದದ ಮೇಲೆ ನಟ್ ಇಟ್ಟು, ಬೆರಳಿನಿಂದ ಒತ್ತಿ ಕಚ್ಚುಗಳ ಅಚ್ಚು ತೆಗೆಯಿರಿ. ಎಣ್ಣೆ ಹತ್ತಿದ ನಟ್ ಆದರೆ ಅಚ್ಚು ತಾನೇ ಮೂಡುತ್ತದೆ. ಆ ಕಾಗದವನ್ನು ಕೊಳವೆಯ ಬಾಯಿಗೆ ಅಂಟಿಸಿ, ಕಚ್ಚು ಇರುವ ಕಡೆ ಹಲ್ಲು ಉಳಿಯುವಂತೆ ಉಳಿದದ್ದನ್ನು ಹ್ಯಾಕ್ಸಾ ಬ್ಲೇಡಿನಿಂದ ಕೊಯ್ದು ಅರದಿಂದ ಉಜ್ಜಿರಿ. ಹಲ್ಲು ಕಚ್ಚಿನೊಳಗೆ ಅಲುಗಾಡದೆ ಕೂರಬೇಕು. ಇನ್ನೊಂದು ತುದಿಗೆ ದೊಡ್ಡ ನಟ್ ಒಂದನ್ನು ವೆಲ್ಡ್ ಮಾಡಿಸಿದರೆ ಅದಕ್ಕೆ ಪಾನಾ ಹಾಕಬಹುದು.

ಒಂದು ಎಚ್ಚರಿಕೆ: ಕೊಳವೆ ಜಿಂಕ್ ಲೇಪನದ ನೀರಿನ ಪೈಪ್ ಆಗಿರಬಾರದು. ಅದು ಮೆದು, ಹಲ್ಲು ಬಾಗುತ್ತದೆ. ಅದನ್ನು ವೆಲ್ಡ್ ಮಾಡುವಾಗ ಏಳುವ ಜಿಂಕ್ ಹೊಗೆ ಉಸಿರಿಗೆ ಕೆಟ್ಟದ್ದು, ಜ್ವರ ತರುತ್ತದೆ.

ಯೆಜ್ಡಿಯ ಸೈಲೆನ್ಸರ್ ಪೈಪನ್ನು ಸಿಲಿಂಡರಿಗೆ ಬಿಗಿಹಿಡಿಯುವ ದುಂಡು ನಟ್‌ಗೂ ಇದೇ ತತ್ವ. ಅದಕ್ಕೆ ಕೊಕ್ಕೆಯಂತೆ ಬಾಗಿದ ಪಾನಾ ಬೇಕು. ಪಟ್ಟಿಯನ್ನು ಕಾಯಿಸಿ ನಟ್‌ನ ದುಂಡಿಗೆ ತಕ್ಕಂತೆ ಬಾಗಿಸಿ, ತುದಿಯಲ್ಲಿ ಒಂದು ಹಲ್ಲು ಉಳಿಸಿದರೆ ಆಯಿತು.

ಮೂರನೆಯ ಉಪಕರಣ: ಪುಲ್ಲರ್

ಕ್ರ್ಯಾಂಕ್ ಶಾಫ್ಟಿನ ತುದಿ ಎಷ್ಟೋ ಗಾಡಿಗಳಲ್ಲಿ ಟೇಪರ್ ಆಗಿರುತ್ತದೆ, ಅಂದರೆ ತುದಿಗೆ ಹೋಗುತ್ತ ಸಣ್ಣದಾಗುತ್ತದೆ. ಅದರ ಮೇಲೆ ಮ್ಯಾಗ್ನೆಟ್ ಅಥವಾ ರೋಟರ್ ಬಿಗಿಯಾಗಿ ಕೂತಿರುತ್ತದೆ. ನಟ್ ಬಿಚ್ಚಿದರೂ ಅದು ಬರುವುದಿಲ್ಲ. ಸುತ್ತಿಗೆಯಿಂದ ಹೊಡೆದರೆ ಬರಬಹುದು. ಆದರೆ ಈ ಗಾಡಿಗಳ ಕ್ರ್ಯಾಂಕ್ ಒಂದೇ ತುಂಡಲ್ಲ. ಬೇರೆ ಬೇರೆ ಭಾಗಗಳನ್ನು ಪ್ರೆಸ್‌ನಲ್ಲಿ ಒತ್ತಿ ಕೂಡಿಸಿದ್ದು. ಏಟು ಬಿದ್ದರೆ ಆ ಜೋಡಣೆ ಕೂದಲೆಳೆಯಷ್ಟು ಸರಿದು ಕ್ರ್ಯಾಂಕ್ ಓರೆಯಾಗುತ್ತದೆ. ಆಮೇಲೆ ಗಾಡಿ ನಡುಗುತ್ತದೆ, ಬೇರಿಂಗ್ ಬೇಗ ಹೋಗುತ್ತದೆ. ಹೊಡೆದ ದಿನ ಏನೂ ಕಾಣುವುದಿಲ್ಲ, ಕೆಲವು ತಿಂಗಳ ಮೇಲೆ ಕಾಣುತ್ತದೆ. ಆಗ ಯಾರೂ ಸುತ್ತಿಗೆಯನ್ನು ದೂರುವುದಿಲ್ಲ, ಗಾಡಿ ಹಳೆಯದಾಯಿತು ಎನ್ನುತ್ತಾರೆ.

ಪುಲ್ಲರ್ ಮಾಡುವುದು ಬೋಲ್ಟಿನ ಶಕ್ತಿಯಿಂದ. 10 ಮಿಲಿಮೀಟರ್ ಬೋಲ್ಟಿನ ಸಾಮಾನ್ಯ ಚೂಡಿಯ ಅಂತರ 1.5 ಮಿಲಿಮೀಟರ್. 20 ಸೆಂಟಿಮೀಟರ್ ಉದ್ದದ ಪಾನಾದ ತುದಿಯನ್ನು ಒಂದು ಸುತ್ತು ತಿರುಗಿಸಿದರೆ ಕೈ ಸುಮಾರು 1,257 ಮಿಲಿಮೀಟರ್ ಸಾಗುತ್ತದೆ, ಬೋಲ್ಟ್ ಸಾಗುವುದು 1.5 ಮಿಲಿಮೀಟರ್ ಮಾತ್ರ. ಲೆಕ್ಕದ ಪ್ರಕಾರ ಬಲ 838 ಪಟ್ಟು ಆಗಬೇಕು. ಆದರೆ ಹೆಚ್ಚಿನ ಪಾಲು ಚೂಡಿಯ ತಿಕ್ಕಾಟಕ್ಕೇ ಹೋಗುತ್ತದೆ. ಎಂಜಿನಿಯರ್‌ಗಳ ರೂಢಿಯ ಸೂತ್ರದಂತೆ ನೋಡಿದರೆ ಕೊನೆಗೆ ಉಳಿಯುವುದು ಸುಮಾರು 100 ಪಟ್ಟು. ಅಂದರೆ ಕೈಯಿಂದ 10 ಕಿಲೋ ಬಲ ಹಾಕಿದರೆ ಬೋಲ್ಟ್ ಸುಮಾರು 1,000 ಕಿಲೋ ಬಲದಿಂದ ಎಳೆಯುತ್ತದೆ. ಒಂದು ಟನ್! ಅದೂ ನೇರವಾಗಿ, ಏಟಿಲ್ಲದೆ.

ಮಾಡುವ ವಿಧಾನ:

ಎಳೆಯಬೇಕಾದ ಭಾಗದಲ್ಲಿ ಚೂಡಿ ಇರುವ ಎರಡು ಅಥವಾ ಮೂರು ತೂತು ಇವೆಯೇ ನೋಡಿ. ಇದ್ದರೆ 10 ಮಿಲಿಮೀಟರ್ ದಪ್ಪದ ಉಕ್ಕಿನ ಪಟ್ಟಿಯಲ್ಲಿ ಅದೇ ಅಂತರಕ್ಕೆ ತೂತು ಕೊರೆಸಿ. ನಡುವೆ ಇನ್ನೊಂದು ತೂತು ಕೊರೆಸಿ ಅದರ ಮೇಲೆ ದೊಡ್ಡ ನಟ್ ವೆಲ್ಡ್ ಮಾಡಿಸಿ. ಪಕ್ಕದ ಬೋಲ್ಟುಗಳು ಭಾಗವನ್ನು ಹಿಡಿಯುತ್ತವೆ, ನಡುವಿನ ಬೋಲ್ಟ್ ಶಾಫ್ಟಿನ ತುದಿಯನ್ನು ಒತ್ತುತ್ತದೆ. ಪಕ್ಕದ ಬೋಲ್ಟುಗಳು ಸಮನಾಗಿ ಒಳಗೆ ಹೋಗಿರಬೇಕು, ಕಡಿಮೆಯೆಂದರೆ ಬೋಲ್ಟಿನ ದಪ್ಪದಷ್ಟು ಆಳಕ್ಕಾದರೂ ಇಳಿದಿರಬೇಕು. ಶಾಫ್ಟಿನ ತುದಿಯ ಚೂಡಿ ಹಾಳಾಗದಂತೆ ನಡುವೆ ಹಿತ್ತಾಳೆಯ ತುಂಡು ಇಡಿ.

ಬೋಲ್ಟ್ ಬಿಗಿಯಾದ ಮೇಲೂ ಭಾಗ ಬರದಿದ್ದರೆ ಇನ್ನಷ್ಟು ತಿರುಗಿಸಬೇಡಿ. ಬಿಗಿಯಲ್ಲೇ ಬಿಟ್ಟು, ನಡುವಿನ ಬೋಲ್ಟಿನ ತಲೆಗೆ ಸಣ್ಣ ಸುತ್ತಿಗೆಯಿಂದ ಮೆಲ್ಲಗೆ ಒಂದೆರಡು ಸಲ ತಟ್ಟಿದರೆ ಟೇಪರ್ ಬಿಡುತ್ತದೆ. ಸುತ್ತಿಗೆಗೆ ಇಲ್ಲಿ ಕೆಲಸ ಇಷ್ಟೇ.

ಹೀರೋ ಹೋಂಡಾದ ಮ್ಯಾಗ್ನೆಟ್‌ಗೆ ನಡುವಿನಲ್ಲೇ ಚೂಡಿ ಇರುತ್ತದೆ. ಆ ಚೂಡಿ ಸಣ್ಣದು, ನಿಖರವಾದದ್ದು. ಅದರ ಪುಲ್ಲರ್ ಪೇಟೆಯಲ್ಲಿ ಸಿಗುವುದರಿಂದ ಕೊಳ್ಳುವುದೇ ಸರಿ. ಮೂರು ಕೊಕ್ಕೆಯ ಪುಲ್ಲರನ್ನು ಮ್ಯಾಗ್ನೆಟ್‌ನ ಅಂಚಿಗೆ ಹಾಕಬೇಡಿ, ಅಂಚು ಬಾಗುತ್ತದೆ.

ನಾಲ್ಕನೆಯದು: ಹಗ್ಗ ಮತ್ತು ಹಳೆಯ ಪ್ಲಗ್

ಎಂಜಿನ್ ತಿರುಗದಂತೆ ನಿಲ್ಲಿಸಲು ಎರಡು ಸ್ಟ್ರೋಕಿನ ಗಾಡಿಯಲ್ಲಿ ಅಗ್ಗದ ದಾರಿ ಒಂದಿದೆ, ಹತ್ತಿಯ ಹಗ್ಗ. ಪಿಸ್ಟನ್ ಮೇಲಿನ ತುದಿಗಿಂತ 10ರಿಂದ 15 ಮಿಲಿಮೀಟರ್ ಕೆಳಗಿರುವಾಗ ಪ್ಲಗ್‌ನ ತೂತಿನಿಂದ ಮೆತ್ತನೆಯ ಹಗ್ಗ ತುಂಬಿ, ಒಂದು ತುದಿಯನ್ನು ಹೊರಗೇ ಬಿಡಬೇಕು. ಪಿಸ್ಟನ್ ಇನ್ನೂ ಕೆಳಗಿದ್ದರೆ ಹಗ್ಗ ಪೋರ್ಟಿನೊಳಗೆ ಸೇರಿ ಕತ್ತರಿಸಿಹೋಗಬಹುದು. ಹಗ್ಗ ಪಿಸ್ಟನ್‌ನ ಇಡೀ ತಲೆಯ ಮೇಲೆ ಒತ್ತಡ ಹಂಚುತ್ತದೆ. ನಾಲ್ಕು ಸ್ಟ್ರೋಕಿನ ಎಂಜಿನ್‌ನಲ್ಲಿ ವಾಲ್ವುಗಳಿರುವುದರಿಂದ ಹೊಸಬರು ಇದನ್ನು ಮಾಡಬಾರದು. ಅಲ್ಲಿ ಹಿಡಿಕೆಯೇ ಸಾಕು.

ಕೆಲವರು ಹಳೆಯ ಪ್ಲಗ್‌ನ ಪಿಂಗಾಣಿ ಒಡೆದು ಅದರಲ್ಲಿ ಬೋಲ್ಟ್ ಕೂರಿಸಿ ಪಿಸ್ಟನ್ ತಡೆಯಲು ಬಳಸುತ್ತಾರೆ. ಬೋಲ್ಟಿನ ಸಣ್ಣ ತುದಿ ಅಲ್ಯೂಮಿನಿಯಂ ಪಿಸ್ಟನ್‌ನ ಒಂದೇ ಜಾಗಕ್ಕೆ ಒತ್ತುತ್ತದೆ. ಬಲ ಹಾಕಿ ನಟ್ ಬಿಚ್ಚುವ ಕೆಲಸಕ್ಕೆ ಇದು ಸಲ್ಲದು. ಆದರೆ ಪಿಸ್ಟನ್‌ನ ಮೇಲಿನ ತುದಿ ಎಲ್ಲಿ ಎಂದು ಹುಡುಕಲು ಬಹಳ ಒಳ್ಳೆಯದು. ಬೋಲ್ಟಿನ ತುದಿಯನ್ನು ದುಂಡಗೆ ಉಜ್ಜಿ ಕೂರಿಸಿ. ಎಂಜಿನನ್ನು ಕೈಯಿಂದ ಮೆಲ್ಲಗೆ ಒಂದು ಕಡೆ ತಿರುಗಿಸಿ, ಪಿಸ್ಟನ್ ತಾಗಿದಲ್ಲಿ ರೋಟರ್ ಮೇಲೆ ಗುರುತು ಹಾಕಿ. ಇನ್ನೊಂದು ಕಡೆ ತಿರುಗಿಸಿ ಮತ್ತೆ ಗುರುತು ಹಾಕಿ. ಎರಡು ಗುರುತುಗಳ ನಟ್ಟನಡುವೆ ಮೇಲಿನ ತುದಿ.

ಕಣ್ಣಳತೆಯಿಂದ ಇದನ್ನು ಏಕೆ ಹುಡುಕಬಾರದು? ಹಳೆಯ ಯೆಜ್ಡಿಯ ಸ್ಟ್ರೋಕ್ 75 ಮಿಲಿಮೀಟರ್. ಆದರೂ ಮೇಲಿನ ತುದಿಯ ಕೊನೆಯ 10 ಡಿಗ್ರಿಯಲ್ಲಿ ಪಿಸ್ಟನ್ ಏರುವುದು ಒಂದು ಮಿಲಿಮೀಟರಿಗಿಂತ ಕಡಿಮೆ. ಕ್ರ್ಯಾಂಕ್ ತಿರುಗುತ್ತಿರುತ್ತದೆ, ಪಿಸ್ಟನ್ ನಿಂತಂತೆ ಕಾಣುತ್ತದೆ. ಕಣ್ಣು ಇಲ್ಲಿ ಮೋಸಹೋಗುತ್ತದೆ.

ಅಳತೆಯ ವಿಷಯ

ಸಂದು ನೋಡುವ ಫೀಲರ್ ಗೇಜ್ ಕೊಳ್ಳಲೇಬೇಕು. ಅದರ ಬದಲು ಹ್ಯಾಕ್ಸಾ ಬ್ಲೇಡ್ ಅಥವಾ ದಾಡಿ ಬ್ಲೇಡ್ ತೂರಿಸಿ ನೋಡುವ ರೂಢಿ ಇದೆ. ದಾಡಿ ಬ್ಲೇಡಿನ ದಪ್ಪ 0.1 ಮಿಲಿಮೀಟರ್, ಹ್ಯಾಕ್ಸಾ ಬ್ಲೇಡಿನದು ಸುಮಾರು 0.6 ಮಿಲಿಮೀಟರ್. ಪಾಯಿಂಟ್‌ಗೆ ಬೇಕಾದ ಸಂದು ಈ ಎರಡರ ನಡುವೆ ಎಲ್ಲೋ ಇರುತ್ತದೆ. ಎರಡೂ ಆ ಅಳತೆಯನ್ನು ಹೇಳಲಾರವು. ಆಯಾ ಗಾಡಿಯ ಸರಿಯಾದ ಸಂದು ಅದರ ಕೈಪಿಡಿಯಲ್ಲಿರುತ್ತದೆ.

ಆದರೆ ಕೊಂಡ ಅಳತೆಗೋಲಿಗೆ ಮನೆಯ ಸಾಧನ ನೆರವಾಗಬಹುದು. ಬೆಂಕಿ ಕೊಡುವ ಸಮಯವನ್ನು ಎಷ್ಟೋ ಹಳೆಯ ಎಂಜಿನ್‌ಗಳಲ್ಲಿ ಪಿಸ್ಟನ್ ಮೇಲಿನ ತುದಿಗೆ ಎಷ್ಟು ಮಿಲಿಮೀಟರ್ ಮುಂಚೆ ಎಂದು ಹೇಳಿರುತ್ತಾರೆ. ಪಿಂಗಾಣಿ ತೆಗೆದ ಹಳೆಯ ಪ್ಲಗ್‌ನಲ್ಲಿ ಸೈಕಲ್ಲಿನ ಕಡ್ಡಿ ಸಲೀಸಾಗಿ ಜಾರುವಂತೆ ಸಣ್ಣ ಕೊಳವೆ ಕೂರಿಸಿದರೆ, ಕಡ್ಡಿ ಪಿಸ್ಟನ್ ಜೊತೆ ಏರಿಳಿಯುತ್ತದೆ. ಎಷ್ಟು ಏರಿತು ಎಂಬುದನ್ನು ವರ್ನಿಯರ್‌ನಿಂದ ಅಳೆಯಿರಿ. ಕಡ್ಡಿಯ ಕೆಲಸ ಚಲನೆಯನ್ನು ಹೊರಗೆ ತೋರಿಸುವುದು ಮಾತ್ರ, ಅಳೆಯುವುದು ವರ್ನಿಯರ್. ಪ್ಲಗ್ ವಾರೆಯಾಗಿ ಕೂರುವ ಎಂಜಿನ್‌ನಲ್ಲಿ ಈ ಅಳತೆ ತಪ್ಪು ಬರುತ್ತದೆ, ಅಲ್ಲಿ ಬಳಸಬೇಡಿ.

ಪಾಯಿಂಟ್ ಯಾವ ಕ್ಷಣಕ್ಕೆ ತೆರೆಯುತ್ತದೆ ಎಂದು ನೋಡಲು ಒಂದು ಸಣ್ಣ ಬಲ್ಬ್ ಸಾಕು. ಬ್ಯಾಟರಿಯಿಂದ ಬೆಂಕಿ ಕೊಡುವ ಗಾಡಿಯಲ್ಲಿ ಬಲ್ಬ್‌ನ ಒಂದು ತಂತಿಯನ್ನು ಪಾಯಿಂಟ್‌ನ ಚಲಿಸುವ ತುಂಡಿಗೆ, ಇನ್ನೊಂದನ್ನು ಎಂಜಿನ್‌ಗೆ ತಾಗಿಸಿ ಕೀ ಹಾಕಿ. ಪಾಯಿಂಟ್ ಮುಚ್ಚಿದ್ದಾಗ ಕರೆಂಟ್ ಸುಲಭದ ದಾರಿಯಲ್ಲಿ ಹೋಗುತ್ತದೆ, ಬಲ್ಬ್ ಉರಿಯದು. ತೆರೆದ ಕೂಡಲೇ ಉರಿಯುತ್ತದೆ. ಬ್ಯಾಟರಿ 6 ವೋಲ್ಟಿನದೋ 12 ವೋಲ್ಟಿನದೋ ನೋಡಿ ಅದೇ ವೋಲ್ಟಿನ ಬಲ್ಬ್ ಹಾಕಿ. ಕೆಲಸ ಮುಗಿದ ಕೂಡಲೇ ಕೀ ತೆಗೆಯಿರಿ, ಇಲ್ಲದಿದ್ದರೆ ಕಾಯಿಲ್ ಕಾಯುತ್ತದೆ.

ಲೋಹದ ಆಯ್ಕೆ

ಬೋಲ್ಟಿನ ತಲೆಯ ಮೇಲೆ 8.8 ಎಂಬ ಸಂಖ್ಯೆ ಇರುವುದನ್ನು ಪುಲ್ಲರಿಗೆ ಆರಿಸಿ. ಮೊದಲ 8 ಎಂದರೆ ಆ ಬೋಲ್ಟ್ ಒಂದು ಚದರ ಮಿಲಿಮೀಟರಿಗೆ 800 ನ್ಯೂಟನ್‌ವರೆಗೆ ಎಳೆತ ತಡೆಯುತ್ತದೆ ಎಂದರ್ಥ. ಎರಡನೆಯ 8 ಎಂದರೆ ಅದರ ಶೇ. 80ರಷ್ಟು ಎಳೆತದವರೆಗೆ ಶಾಶ್ವತವಾಗಿ ಹಿಗ್ಗುವುದಿಲ್ಲ. ಸಂಖ್ಯೆಯೇ ಇಲ್ಲದ ಬೋಲ್ಟನ್ನು ಬಲದ ಕೆಲಸಕ್ಕೆ ನಂಬಬೇಡಿ.

ಇಳಕಲ್ ಕಡೆ ಕಲ್ಲಿನ ಗಣಿಯ ಹಳೆಯ ಡ್ರಿಲ್ ರಾಡು ಗುಜರಿಯಲ್ಲಿ ಸಿಕ್ಕರೆ ಅದು ಗಟ್ಟಿ ಉಕ್ಕು. ಸನ್ನೆಗೋಲಿಗೆ ಒಳ್ಳೆಯದು. ಆದರೆ ಅದರಿಂದ ಪಿನ್ ಹೊಡೆಯುವ ಗೂಟ ಮಾಡಬೇಡಿ. ಗಟ್ಟಿ ಉಕ್ಕಿಗೆ ಗಟ್ಟಿ ಸುತ್ತಿಗೆ ಬಡಿದರೆ ಚೂರು ಹಾರಿ ಕಣ್ಣಿಗೆ ಬೀಳುತ್ತದೆ. ಹೊಡೆಯುವ ಗೂಟ ಹಿತ್ತಾಳೆಯದ್ದೋ ಮೆದು ಕಬ್ಬಿಣದ್ದೋ ಆಗಿರಲಿ. ಉಜ್ಜುವಾಗ, ಹೊಡೆಯುವಾಗ, ಪಿಂಗಾಣಿ ಒಡೆಯುವಾಗ ಕನ್ನಡಕ ಇರಲೇಬೇಕು. ಪೆಟ್ರೋಲ್ ಟ್ಯಾಂಕ್ ಖಾಲಿ ಇದೆ ಎಂದು ಅದಕ್ಕೆ ವೆಲ್ಡಿಂಗ್ ಹಚ್ಚುವುದು ಜೀವಕ್ಕೆ ಅಪಾಯ. ಒಳಗಿನ ಆವಿ ಸಿಡಿಯುತ್ತದೆ. ವೆಲ್ಡಿಂಗ್, ಗ್ರೈಂಡಿಂಗ್ ಕೆಲಸವನ್ನು ನಾವು ವಿದ್ಯಾರ್ಥಿಗಳು ಒಬ್ಬರೇ ಮಾಡದೆ ಅಂಗಡಿಯವರಿಂದ ಮಾಡಿಸಬೇಕು.

ವಾಣಿಜ್ಯದ ಲೆಕ್ಕ

ಈಗ ನಮ್ಮ ಪಾಠದ ವಿಷಯಕ್ಕೆ ಬರೋಣ. ಉಪಕರಣಕ್ಕೆ ಹಾಕಿದ ಹಣ ಬಂಡವಾಳ ವೆಚ್ಚ, ಏಕೆಂದರೆ ಅದರ ಲಾಭ ಹಲವು ವರ್ಷ ಬರುತ್ತದೆ. ಎಣ್ಣೆ, ಬಟ್ಟೆಗೆ ಹಾಕಿದ್ದು ಕಂದಾಯ ವೆಚ್ಚ. ಲೆಕ್ಕಕ್ಕಾಗಿ ಕೆಲವು ಮೊತ್ತಗಳನ್ನು ಹಿಡಿಯೋಣ. ಕ್ಲಚ್ ಹಿಡಿಕೆಗೆ ಪಟ್ಟಿ 60 ರೂ., ವೆಲ್ಡಿಂಗ್ 100 ರೂ., ಬಣ್ಣ ಮತ್ತು ಇತರೆ 40 ರೂ. ಒಟ್ಟು 200 ರೂ.

ಒಬ್ಬ ಮಾಲೀಕ ತನ್ನ ಗಾಡಿಯ ಕ್ಲಚ್ ಬಿಚ್ಚುವುದು ಹಲವು ವರ್ಷಕ್ಕೊಮ್ಮೆ. ಒಂದು ಸಲಕ್ಕೆ 100 ರೂ. ಮಜೂರಿ ಉಳಿಯುತ್ತದೆ ಎಂದರೂ ಎರಡು ಸಲ ಬಿಚ್ಚಿದ ಮೇಲೆಯೇ ಖರ್ಚು ಮರಳುತ್ತದೆ. ಮಾಡಲು ಹೋದ ಮೂರು ಗಂಟೆಯ ಅವಕಾಶ ವೆಚ್ಚವನ್ನೂ ಸೇರಿಸಿದರೆ ಮಜೂರಿ ಉಳಿಸಲು ಉಪಕರಣ ಮಾಡುವುದು ಲಾಭದ ವ್ಯವಹಾರವಲ್ಲ.

ಆದರೆ ಲೆಕ್ಕ ಇಲ್ಲಿಗೆ ಮುಗಿಯುವುದಿಲ್ಲ. ಹಬ್‌ನ ಬೆಲೆ 1,500 ರೂ. ಎಂದೂ, ಪೇಚ್‌ಕಸ್ ತುರುಕಿ ಹತ್ತು ಸಲ ಬಿಚ್ಚಿದರೆ ಒಂದು ಸಲ ಹಬ್ ಮುರಿಯುತ್ತದೆ ಎಂದೂ ಹಿಡಿಯೋಣ. ಆಗ ಪ್ರತಿ ಸಲದ ಸರಾಸರಿ ನಷ್ಟ 150 ರೂ. ಹಿಡಿಕೆ ಎರಡೇ ಬಳಕೆಯಲ್ಲಿ 300 ರೂ. ನಷ್ಟ ತಪ್ಪಿಸಿತು. ಗಾಡಿ ನಿಂತ ದಿನಗಳ ದುಡಿಮೆಯನ್ನು ಇದಕ್ಕೆ ಸೇರಿಸಿಲ್ಲ. ಕಾರ್ಖಾನೆ ಮುಚ್ಚಿದ ಗಾಡಿಯ ಹಬ್ ಆದರೆ ಅದಕ್ಕೆ ನಿಗದಿತ ಬೆಲೆಯೇ ಇರುವುದಿಲ್ಲ. ಪೂರೈಕೆ ನಿಂತುಹೋದ ವಸ್ತು ಅದು. ಮಾರುವವನು ಹೇಳಿದ್ದೇ ಬೆಲೆ, ಹಣ ಇದ್ದರೂ ಸಿಗದಿರಬಹುದು.

ಆದ್ದರಿಂದ ಮನೆಯ ಉಪಕರಣವನ್ನು ಮಜೂರಿ ಉಳಿತಾಯ ಎಂದು ನೋಡುವುದಕ್ಕಿಂತ ವಿಮೆ ಎಂದು ನೋಡುವುದು ಸರಿ. ಎಸೆಯುವ ಪ್ಲೇಟ್ ಒಂದರಿಂದ ಮತ್ತೆ ಸಿಗದ ಭಾಗವನ್ನು ಕಾಯುವ ವಿಮೆ. ಹಿಡಿಕೆ ಮುರಿದರೆ ಇನ್ನೊಂದು ಮಾಡಬಹುದು, ಹಬ್ ಮುರಿದರೆ ಮಾಡಲಾಗದು.

ಇದನ್ನು ಹಂಚಿಕೊಂಡರೆ ವೆಚ್ಚ ಇನ್ನೂ ಇಳಿಯುತ್ತದೆ. ಒಂದೇ ಮಾದರಿಯ ಗಾಡಿ ಇರುವ ಐದು ಮನೆಗಳು ಸೇರಿದರೆ 200 ರೂ. ಹಿಡಿಕೆಗೆ ಒಬ್ಬರಿಗೆ 40 ರೂ. ನಮ್ಮ ಕಾಲೇಜಿನಲ್ಲೇ ಬಿಡುವಿನ ವೇಳೆ ಗ್ಯಾರೇಜಿನಲ್ಲಿ ದುಡಿಯುವ ಗೆಳೆಯರಿದ್ದಾರೆ. ಅವರ ಕೈಗೆ ಇಂಥ ಉಪಕರಣ ಇದ್ದರೆ ಕೆಲಸ ಬೇಗ ಆಗುತ್ತದೆ, ಕೆಲಸದ ಮೇಲಿನ ನಂಬಿಕೆಯೂ ಹೆಚ್ಚುತ್ತದೆ.

ಬರೆದಿಡುವ ಅಭ್ಯಾಸ

ಸುಮಾರು 800 ವರ್ಷಗಳ ಹಿಂದೆ, 1206ರಲ್ಲಿ, ಅಲ್ ಜಝರಿ ಎಂಬ ಯಂತ್ರಶಿಲ್ಪಿ ತಾನು ಮಾಡಿದ ನೀರೆತ್ತುವ ಯಂತ್ರ, ನೀರಿನ ಗಡಿಯಾರ ಮುಂತಾದವುಗಳ ಬಗ್ಗೆ ಅರಬ್ಬಿಯಲ್ಲಿ ಗ್ರಂಥ ಬರೆದು ಮುಗಿಸಿದ. ಅದರ ವಿಶೇಷವೆಂದರೆ ಯಂತ್ರಗಳ ಭಾಗಗಳು, ಅಳತೆ, ಜೋಡಿಸುವ ಕ್ರಮವನ್ನು ಚಿತ್ರಸಹಿತ ಬರೆದಿರುವುದು. ಅದನ್ನು ಓದಿ ಇಂದಿನವರು ಕೆಲವು ಯಂತ್ರಗಳನ್ನು ಮತ್ತೆ ಕಟ್ಟಿ ನಡೆಸಿದ್ದಾರೆ.

ನಮ್ಮ ಉಸ್ತಾದರ ವಿದ್ಯೆ ಹೆಚ್ಚಾಗಿ ಕೈಯಲ್ಲಿದೆ, ಕಾಗದದಲ್ಲಿಲ್ಲ. ಕಾಗದಕ್ಕೆ ತರುವ ಕೆಲಸವನ್ನು ವಿದ್ಯಾರ್ಥಿಗಳು ಮಾಡಬಹುದು. ಒಂದು ನೋಟ್‌ಬುಕ್‌ನಲ್ಲಿ ಪ್ರತಿ ಉಪಕರಣಕ್ಕೆ ಒಂದು ಪುಟ: ಯಾವ ಗಾಡಿ, ಯಾವ ಭಾಗ, ಪಟ್ಟಿಯ ದಪ್ಪ, ತೂತುಗಳ ಅಂತರ, ಬೋಲ್ಟಿನ ಅಳತೆ, ಖರ್ಚು. ಪಕ್ಕದಲ್ಲಿ ಒಂದು ಚಿತ್ರ. ಉಪಕರಣದ ಮೇಲೆ ಬಣ್ಣದಿಂದ ಗಾಡಿಯ ಹೆಸರು ಬರೆಯಿರಿ. ಹೆಸರಿಲ್ಲದ ಉಪಕರಣ ಎರಡು ವರ್ಷದಲ್ಲಿ ಮತ್ತೆ ಗುಜರಿ ಸೇರುತ್ತದೆ.

ಅಭ್ಯಾಸಕ್ಕೆ ಪ್ರಶ್ನೆಗಳು

1. ನಿಮ್ಮ ಓಣಿಯ ಗ್ಯಾರೇಜಿನಲ್ಲಿ ಕೈಯಾರೆ ಮಾಡಿದ ಉಪಕರಣ ಯಾವುದಿದೆ? ಅದು ಹಿಡಿಯುವುದೋ, ಎಳೆಯುವುದೋ, ಅಳೆಯುವುದೋ?
2. 12 ಮಿಲಿಮೀಟರ್ ಬೋಲ್ಟಿನ ಚೂಡಿಯ ಅಂತರ 1.75 ಮಿಲಿಮೀಟರ್. ಪಾನಾದ ಉದ್ದ 25 ಸೆಂಟಿಮೀಟರ್ ಇದ್ದರೆ, ತಿಕ್ಕಾಟ ಇಲ್ಲವೆಂದು ಹಿಡಿದು, ಬಲ ಎಷ್ಟು ಪಟ್ಟು ಆಗುತ್ತದೆ?
3. ಪುಲ್ಲರ್ ಮಾಡಲು 350 ರೂ., ಕೊಳ್ಳಲು 500 ರೂ. ಎಂದು ಹಿಡಿಯಿರಿ. ಮಾಡಲು ನಾಲ್ಕು ಗಂಟೆ ಬೇಕು. ನಿಮ್ಮ ಒಂದು ಗಂಟೆಯ ದುಡಿಮೆಗೆ 50 ರೂ. ಸಿಗುವುದಾದರೆ ಯಾವುದು ಲಾಭ?

ಮೂರನೆಯ ಪ್ರಶ್ನೆಗೆ ಉತ್ತರ ಬರೆದ ಮೇಲೆ ಇನ್ನೊಂದು ಸಾಲು ಸೇರಿಸಿ: ಆ ಪುಲ್ಲರ್ ಪೇಟೆಯಲ್ಲಿ ಸಿಗುವುದೇ ಇಲ್ಲವಾದರೆ ನಿಮ್ಮ ಉತ್ತರ ಏನು?